54 ಗೆಲುವು, 54 ಸೋಲು

ಅಮೆರಿಕದ ಕಾಲೇಜು ಫುಟ್ಬಾಲಿನ ಸ್ಟ್ಯಾಂಡಿಂಗ್ಸ್ ಪಟ್ಟಿ ನೋಡಲು ತೀರಾ ಸಾದಾ. ಎಡಗಡೆ ವಿಶ್ವವಿದ್ಯಾಲಯಗಳ ಹೆಸರು, ಪಕ್ಕದಲ್ಲಿ ಎರಡು ಅಂಕಣ. ಮೊದಲನೆಯದರಲ್ಲಿ ತಮ್ಮ ಗುಂಪಿನೊಳಗೆ ಗೆದ್ದದ್ದೆಷ್ಟು, ಸೋತದ್ದೆಷ್ಟು. ಎರಡನೆಯದರಲ್ಲಿ ಹೊರಗಿನವರ ಜೊತೆ ಆಡಿದ್ದೂ ಸೇರಿಸಿ ಒಟ್ಟು ಲೆಕ್ಕ. ಈ ಗುಂಪಿಗೆ ಅಲ್ಲಿ ಕಾನ್ಫರೆನ್ಸ್ ಎನ್ನುತ್ತಾರೆ. ಮೇಲೆ ಯಾರು, ಕೆಳಗೆ ಯಾರು ಎಂದು ತೀರ್ಮಾನಿಸುವುದು ಮೊದಲ ಅಂಕಣ ಮಾತ್ರ. ಹೊರಗೆ ಯಾರನ್ನು ಬೇಕಾದರೂ ಬಗ್ಗುಬಡಿದು ಬನ್ನಿ, ನಿಮ್ಮ ಜಾಗ ಗೊತ್ತಾಗುವುದು ನಿಮ್ಮ ಓಣಿಯವರ ಜೊತೆ ಆಡಿದಾಗಲೇ.

ರಣಜಿ ಟ್ರೋಫಿಯ ಪಟ್ಟಿ ನೋಡಿ ಬೆಳೆದವರಿಗೆ ಇದು ಸ್ವಲ್ಪ ಬೋಳಾಗಿ ಕಾಣುತ್ತದೆ. ನಮ್ಮಲ್ಲಿ ಪೂರ್ಣ ಗೆಲುವಿಗೆ 6 ಅಂಕ, ಇನ್ನಿಂಗ್ಸ್ ಗೆಲುವಾದರೆ ಇನ್ನೊಂದು, ಮೊದಲ ಇನ್ನಿಂಗ್ಸ್ ಮುನ್ನಡೆಗೆ 3. ಅಲ್ಲಿ ಅಂಕವೇ ಇಲ್ಲ. 1996ರಿಂದ ಡ್ರಾ ಕೂಡ ಇಲ್ಲ. ಸಮ ಆದರೆ ಒಬ್ಬರು ಸೋಲುವ ತನಕ ಆಡಿಸುತ್ತಾರೆ. ಹೀಗಾಗಿ ಪ್ರತಿ ಪಂದ್ಯದಿಂದ ಪಟ್ಟಿಗೆ ಎರಡೇ ಗೀಟು ಬೀಳುತ್ತವೆ: ಒಬ್ಬರ ಎಡಕ್ಕೊಂದು, ಇನ್ನೊಬ್ಬರ ಬಲಕ್ಕೊಂದು.

ನಾನು ಓದಲು ಕಲಿತ ಪಟ್ಟಿ ಪ್ಯಾಕ್-12 ಎಂಬ ಕಾನ್ಫರೆನ್ಸಿನದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಗೋಧಿ ತಳಿಗಳ ಮೇಲೆ ಕೆಲಸ ಮಾಡಲು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಅದಿರುವುದು ಪುಲ್ಮನ್ ಎಂಬ ಊರಿನಲ್ಲಿ. ಸಿಯಾಟಲಿನಿಂದ ಪೂರ್ವಕ್ಕೆ ಕಾರಿನಲ್ಲಿ ಐದು ತಾಸಿನ ದಾರಿ, ಐಡಾಹೊ ರಾಜ್ಯದ ಗಡಿಗೆ ಅಂಟಿಕೊಂಡ ಊರು. ಸುತ್ತ ಪಲೂಸ್ ಎಂಬ ಗುಡ್ಡಗಾಡು, ಗುಡ್ಡವೆಲ್ಲ ಗೋಧಿ. ಊರಿನ ಜನಸಂಖ್ಯೆ ಸುಮಾರು 33 ಸಾವಿರ, ಕಾಲೇಜಿನ ಫುಟ್ಬಾಲ್ ಕ್ರೀಡಾಂಗಣದಲ್ಲಿ ಕೂರುವ ಜಾಗವೂ ಸುಮಾರು ಅಷ್ಟೇ. ನಮ್ಮ ಜಾತ್ರೆಯ ದಿನ ಊರಿನ ಜನ ಎಷ್ಟೋ ತೇರಿನ ಬೀದಿಯಲ್ಲಿ ಅಷ್ಟೂ ಜನ ಎಂಬಂತೆ.

ನಮ್ಮ ಪ್ರಯೋಗಾಲಯದಲ್ಲಿ ಬೀಜ ಇಡುವ ತಣ್ಣನೆಯ ಕೋಣೆಯೊಂದಿತ್ತು. ಅದರ ಕಬ್ಬಿಣದ ಬಾಗಿಲಿನ ಮೇಲೆ ಅಲ್ಲಿನ ಹಿರಿಯ ತಂತ್ರಜ್ಞರೊಬ್ಬರು ಪ್ರತಿ ಸೋಮವಾರ ಸ್ಟ್ಯಾಂಡಿಂಗ್ಸ್ ಪಟ್ಟಿ ಮುದ್ರಿಸಿ, ಆಯಸ್ಕಾಂತ ಒತ್ತಿ ಅಂಟಿಸುತ್ತಿದ್ದರು. ಅದೇ ಕಾಲೇಜಿನಲ್ಲಿ ಓದಿದವರು, ಗೋಧಿ ಬೆಳೆಯುವ ಮನೆಯವರು. ಬೀಜ ತೆಗೆಯಲು ಹೋದಾಗಲೆಲ್ಲ ಪಟ್ಟಿ ಕಣ್ಣಿಗೆ ಬೀಳುತ್ತಿತ್ತು. ಚೆಂಡು ಮೊಟ್ಟೆಯಾಕಾರದ್ದು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ, ಆದರೂ ಹೆಸರು ಫುಟ್ಬಾಲ್. ಆಟದ ನಿಯಮ ನನಗೆ ಪೂರ್ತಿ ಹತ್ತುವುದಕ್ಕೆ ಮೊದಲೇ ಪಟ್ಟಿ ಹತ್ತಿತು.

2023ರಲ್ಲಿ ಆ ಬಾಗಿಲ ಮೇಲೆ ಉಳಿದ ಕೊನೆಯ ಪಟ್ಟಿಯ ಮೊದಲ ಅಂಕಣ ಹೀಗಿತ್ತು. ವಾಷಿಂಗ್ಟನ್ 9–0. ಆರೆಗನ್ 8–1. ಅರಿಜೋನಾ 7–2. ಆರೆಗನ್ ಸ್ಟೇಟ್, ಯೂಟಾ, ಯುಎಸ್‌ಸಿ ಮೂವರೂ 5–4. ಯುಸಿಎಲ್‌ಎ, ಕ್ಯಾಲಿಫೋರ್ನಿಯಾ 4–5. ವಾಷಿಂಗ್ಟನ್ ಸ್ಟೇಟ್, ಅರಿಜೋನಾ ಸ್ಟೇಟ್, ಸ್ಟ್ಯಾನ್‌ಫರ್ಡ್ 2–7. ಕಟ್ಟಕಡೆಗೆ ಕೊಲರಾಡೊ 1–8.

ಎಡಗಡೆಯ ಸಂಖ್ಯೆಗಳನ್ನು ಕೂಡಿಸಿದರೆ 54. ಬಲಗಡೆಯವನ್ನು ಕೂಡಿಸಿದರೂ 54. ಹನ್ನೆರಡು ತಂಡ, ತಲಾ ಒಂಬತ್ತು ಪಂದ್ಯ. ಬೇರೆ ಉತ್ತರ ಬರುವ ಹಾಗೇ ಇಲ್ಲ. ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆ ಜಮಾ ಖರ್ಚು ಸರಿಹೋಗಲೇಬೇಕು. ಆದರೂ ಕೂಡಿಸಿ ನೋಡಿದ ದಿನ ನನಗೊಂದು ವಿಷಯ ಹೊಳೆಯಿತು: ವಾಷಿಂಗ್ಟನ್ನಿನ ಹೆಸರಿನ ಮುಂದಿರುವ 9 ಅವರೊಬ್ಬರೇ ತಯಾರಿಸಿದ್ದಲ್ಲ. ಆ ಒಂಬತ್ತೂ ಬೇರೆಯವರ ಬಲ ಅಂಕಣದಿಂದ ಬಂದವು. ಅವೂ ಸುಲಭಕ್ಕೆ ಬಂದವಲ್ಲ. ಆರೆಗನ್ ಜೊತೆ 36–33. ಆರೆಗನ್ ಸ್ಟೇಟ್ ಜೊತೆ 22–20. ಕೆಳಗೆ ಒದ್ದಾಡುತ್ತಿದ್ದ ಅರಿಜೋನಾ ಸ್ಟೇಟ್ ಕೂಡ 15–7ರವರೆಗೆ ಎಳೆದು ಬೆವರಿಳಿಸಿತ್ತು. ನಮ್ಮವರ ಜೊತೆ 24–21. ಅದೂ ಕೊನೆಯ ಕ್ಷಣದಲ್ಲಿ ಕಂಬಗಳ ನಡುವೆ ಒದ್ದ ಚೆಂಡಿನಿಂದ. ವರ್ಷಕ್ಕೆ ಆರು ಪಂದ್ಯ ಗೆದ್ದವರಿಗೆ ಸೀಸನ್ ಮುಗಿದ ಮೇಲೆ 'ಬೌಲ್' ಎಂಬ ಆಮಂತ್ರಣ ಪಂದ್ಯ ಸಿಗುತ್ತದೆ. ನಮ್ಮವರದು ಒಟ್ಟು 5–7ಕ್ಕೆ ನಿಂತಿತು. ಆ ಒದೆತ ನಮ್ಮನ್ನು ಬೌಲಿನಿಂದ ಹೊರಗಿಟ್ಟಿತು, ಅವರ 8ನ್ನು 9 ಮಾಡಿತು.

ಪಟ್ಟಿಯನ್ನು ಜೋಡಿ ಜೋಡಿಯಾಗಿಯೂ ಓದಬಹುದಿತ್ತು. ವಾಷಿಂಗ್ಟನ್ ರಾಜ್ಯದಿಂದ ಇಬ್ಬರು, ಆರೆಗನ್ ರಾಜ್ಯದಿಂದ ಇಬ್ಬರು, ಅರಿಜೋನಾದಿಂದ ಇಬ್ಬರು, ಸ್ಯಾನ್‌ಫ್ರಾನ್ಸಿಸ್ಕೊ ಕಡೆಯ ಇಬ್ಬರು, ಲಾಸ್ ಏಂಜಲೀಸಿನ ಇಬ್ಬರು, ಗುಡ್ಡಗಾಡಿನ ಯೂಟಾ ಮತ್ತು ಕೊಲರಾಡೊ. ಹೆಸರಿನ ಕೊನೆಗೆ 'ಸ್ಟೇಟ್' ಅಂಟಿಸಿಕೊಂಡ ಉತ್ತರದ ಇಬ್ಬರು, ಅಂದರೆ ಪುಲ್ಮನ್ನಿನ ವಾಷಿಂಗ್ಟನ್ ಸ್ಟೇಟ್ ಮತ್ತು ಕೊರ್ವಾಲಿಸ್ ಎಂಬ ಊರಿನ ಆರೆಗನ್ ಸ್ಟೇಟ್, ರೈತರ ಮಕ್ಕಳಿಗಾಗಿ ಬೆಳೆದ ಕಾಲೇಜುಗಳು. 1862ರಲ್ಲಿ ಅಮೆರಿಕ ಸರ್ಕಾರ ಕೃಷಿ ಮತ್ತು ಯಂತ್ರವಿದ್ಯೆ ಕಲಿಸಲು ರಾಜ್ಯಗಳಿಗೆ ಜಮೀನು ಕೊಟ್ಟು ಮಾಡಿದ ಕಾಯ್ದೆಯಿಂದ ಹುಟ್ಟಿದ ಪದ್ಧತಿ ಅದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1960ರ ದಶಕದಲ್ಲಿ ಕಟ್ಟಿಕೊಂಡದ್ದು ಅದೇ ಮಾದರಿಯನ್ನು. ಹಾಗಾಗಿ ಪುಲ್ಮನ್ನಿಗೆ ಹೋದ ಮೊದಲ ವಾರ, ಹಸು ಕಟ್ಟುವ ಕೊಟ್ಟಿಗೆ, ಪ್ರಾಯೋಗಿಕ ತಾಕು, ಕಾಲೇಜಿನವರೇ ಡಬ್ಬಿಯಲ್ಲಿ ತುಂಬಿ ಮಾರುವ ಚೀಸ್, ಇವೆಲ್ಲ ನೋಡಿ ನನಗೆ ಪರದೇಶ ಅನ್ನಿಸಿದ್ದು ಕಡಿಮೆ.

ಈ ಓಣಿ ಹಳೆಯದು. 1915ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ನಾಲ್ಕು ಕಾಲೇಜುಗಳು ಸೇರಿ ಒಂದು ಕಾನ್ಫರೆನ್ಸ್ ಮಾಡಿಕೊಂಡವು. ಆ ನಾಲ್ಕರಲ್ಲಿ ಆರೆಗನ್ ಸ್ಟೇಟ್ ಒಂದು. ವಾಷಿಂಗ್ಟನ್ ಸ್ಟೇಟ್ ಬಂದದ್ದು 1917ರಲ್ಲಿ. 1959ರಲ್ಲಿ ಒಮ್ಮೆ ಹಗರಣಗಳಿಂದ ಮನೆ ಒಡೆಯಿತು. ದೊಡ್ಡವರು ಹೊಸ ಗುಂಪು ಕಟ್ಟಿಕೊಂಡಾಗ ಈ ಇಬ್ಬರೂ ಸ್ವಲ್ಪ ಕಾಲ ಹೊರಗೇ ನಿಂತಿದ್ದರು. ಒಬ್ಬರನ್ನು 1962ರಲ್ಲಿ, ಇನ್ನೊಬ್ಬರನ್ನು 1964ರಲ್ಲಿ ಒಳಗೆ ಕರೆದರು. 1978ರಲ್ಲಿ ಅರಿಜೋನಾದ ಇಬ್ಬರು ಸೇರಿ ಹತ್ತಾಯಿತು, 2011ರಲ್ಲಿ ಹನ್ನೆರಡು. 2006ರಿಂದ 2010ರವರೆಗೆ, ಹತ್ತು ಮಂದಿ ಇದ್ದಾಗ, ಪ್ರತಿ ವರ್ಷ ಎಲ್ಲರೂ ಎಲ್ಲರ ಜೊತೆ ಆಡುತ್ತಿದ್ದರು. ಪಟ್ಟಿಯೆಂದರೆ ಹಾಗಿರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಯಾರಿಗೂ ಯಾರ ಮೇಲೂ 'ನನ್ನ ಕೈಗೆ ಸಿಕ್ಕಿದ್ದರೆ ತೋರಿಸುತ್ತಿದ್ದೆ' ಎನ್ನುವ ಅವಕಾಶವಿಲ್ಲ.

ಈ ಓಣಿ ಒಡೆದದ್ದು ಟಿವಿಯ ದುಡ್ಡಿನಿಂದ. 2022ರ ಜೂನ್ 30ರಂದು ಲಾಸ್ ಏಂಜಲೀಸಿನ ಇಬ್ಬರು, ತಾವು ಮಧ್ಯ ಅಮೆರಿಕದ ಬಿಗ್ ಟೆನ್ ಕಾನ್ಫರೆನ್ಸಿಗೆ ಹೋಗುತ್ತೇವೆ ಎಂದರು. ಅದೇ ವರ್ಷ ಬಿಗ್ ಟೆನ್ ಮೂರು ಟಿವಿ ಜಾಲಗಳ ಜೊತೆ ಏಳು ವರ್ಷಕ್ಕೆ 7 ಶತಕೋಟಿ ಡಾಲರಿಗೂ ಮೀರಿದ ಕರಾರು ಮಾಡಿಕೊಂಡಿತು. ಪ್ಯಾಕ್-12ಕ್ಕೆ ಅಂಥ ಕರಾರು ಕುದುರಲಿಲ್ಲ. 2023ರ ಜುಲೈ ಕೊನೆಗೆ ಕೊಲರಾಡೊ ಹೊರಟಿತು. ಆಗಸ್ಟ್ 4ರ ಒಂದೇ ದಿನ ಐವರು: ವಾಷಿಂಗ್ಟನ್, ಆರೆಗನ್ ಬಿಗ್ ಟೆನ್‌ಗೆ, ಅರಿಜೋನಾದ ಇಬ್ಬರು ಮತ್ತು ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ಕೂಡ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ ಹೊರಟವು. ಶಾಂತಸಾಗರದ ದಂಡೆಯ ಕಾಲೇಜುಗಳು ಅಟ್ಲಾಂಟಿಕ್ ದಂಡೆಯ ಸಂಘಕ್ಕೆ! ಉಳಿದವರು ಇಬ್ಬರು. ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಹೊರಡುವುದು ಮುಂದಿನ ವರ್ಷ. ಅಲ್ಲಿಯತನಕ ಹಳೆಯ ಪಟ್ಟಿಯಲ್ಲೇ ಆಡಬೇಕು. ಬೇರೆ ಮನೆ ನೋಡಿಕೊಂಡ ಅಣ್ಣತಮ್ಮಂದಿರು ಹಬ್ಬ ಮುಗಿಯುವವರೆಗೆ ಒಂದೇ ಸೂರಿನಡಿ ಉಂಡ ಹಾಗಿತ್ತು ಆ ಸೀಸನ್. ಸೆಪ್ಟೆಂಬರ್ 23ರಂದು ಬಿಟ್ಟುಹೋದ ಇಬ್ಬರೂ ಪುಲ್ಮನ್ನಿನಲ್ಲಿ ಎದುರಾದರು. ಅದುವರೆಗೆ ಇಬ್ಬರೂ ಒಂದೂ ಪಂದ್ಯ ಸೋತಿರಲಿಲ್ಲ. ನಮ್ಮವರು 38–35ರಿಂದ ಗೆದ್ದರು. ಆಮೇಲೆ ನಮ್ಮ ಕಾನ್ಫರೆನ್ಸ್ ಖಾತೆಯ ಎಡಗಡೆಗೆ ಬಿದ್ದದ್ದು ಇನ್ನೊಂದೇ ಗೀಟು, ಕೊಲರಾಡೊ ಮೇಲಿನದು.

ಆ ಆಗಸ್ಟಿನಲ್ಲಿ ಅಪ್ಪ ಫೋನ್ ಮಾಡಿದ್ದರು. ಅಪ್ಪ ನವಲಗುಂದದ ಕಡೆಯ ರೈತ. ನನ್ನ ಕಾಲೇಜಿಗೆ ಏನೋ ಆಗಿದೆ ಎಂದು ತಂಗಿ ಹೇಳಿದ್ದಳಂತೆ.

"ಏನ್ ತಮ್ಮಾ, ನಿಮ್ಮ ಕಾಲೇಜ ಮುಚ್ಚತಾರಂತ?"

"ಕಾಲೇಜಲ್ಲಪ್ಪ. ಆಟದ ಗುಂಪು. ಹನ್ನೆರಡು ಮಂದಿ ಇದ್ರು, ಎಂಟು ಮಂದಿ ಬಿಟ್ಟು ಹೊಂಟಾರ."

"ಅಂದ್ರ ಭಿಶಿ ಒಡೀತು ಅನ್ನು."

ಭಿಶಿ ಎಂದರೆ ದಕ್ಷಿಣದವರು ಹೇಳುವ ಚೀಟಿ. ಹಣದ ಮಾತಲ್ಲವೆಂದು ಬಿಡಿಸಿ ಹೇಳಿದೆ. ಯಾರೂ ಯಾರ ದುಡ್ಡನ್ನೂ ಮುಳುಗಿಸಿಲ್ಲ, ಹೆಚ್ಚು ಸಿಗುವ ಕಡೆ ಹೋಗುತ್ತಿದ್ದಾರೆ ಅಷ್ಟೇ ಎಂದೆ.

"ರೊಕ್ಕದ್ದಲ್ಲೋ ನಾ ಹೇಳಿದ್ದು. ಈ ವರ್ಷ ನಾ ಸೋಲ್ತೀನಿ, ಮುಂದ ನನ್ನ ಪಾಳಿ ಬರ್ತೈತಿ ಅಂತ ಆಡೂದು ಭಿಶಿ ಅಲ್ಲೇನು? ಸೋಲೂದಂದ್ರ ಕಂತು ಕಟ್ಟಿದಂಗ. ಎತ್ತಿದವ ಎದ್ದು ಹ್ವಾದ ಅಂದ್ರ ಕಟ್ಟಿದವ ಏನ್ ಮಾಡಬೇಕು?"

ಈ ಮಾತಿನ ತೂಕ ತಿಳಿಯಲು ಹಳೆಯ ಪಟ್ಟಿಗಳನ್ನು ತೆರೆದು ಕೂತೆ. ಆರೆಗನ್ ಸ್ಟೇಟ್ 1971ರಿಂದ 1998ರವರೆಗೆ ಸತತ 28 ಸೀಸನ್ ಗೆಲುವಿಗಿಂತ ಸೋಲೇ ಹೆಚ್ಚು ಕಂಡಿತ್ತು. ಇಪ್ಪತ್ತೆಂಟು ವರ್ಷ! ಮೊದಲ ಸೀಸನ್ನಿನಲ್ಲಿ ಹುಟ್ಟಿದ ಕೂಸು ಅದೇ ಕಾಲೇಜಿಗೆ ಸೇರಿ, ಡಿಗ್ರಿ ಮುಗಿಸಿ, ಮದುವೆಯಾಗುವಷ್ಟು ಕಾಲ. ಆ ಕಾಲದುದ್ದಕ್ಕೂ ಉಳಿದವರ ಎಡ ಅಂಕಣಕ್ಕೆ ಗೀಟು ಎಳೆಯುತ್ತ ಹೋದರು. ಆಮೇಲೆ 2000ದಲ್ಲಿ ಅವರ ಪಾಳಿ ಬಂತು: ಒಟ್ಟು 11–1, ಕಾನ್ಫರೆನ್ಸ್ ಪಟ್ಟದಲ್ಲಿ ಪಾಲು, ಕೊನೆಗೆ ಫಿಯೆಸ್ಟಾ ಬೌಲಿನಲ್ಲಿ ಹೆಸರಾಂತ ನೋಟರ್ ಡೇಮ್ ತಂಡದ ಮೇಲೆ 41–9. ವಾಷಿಂಗ್ಟನ್ ಸ್ಟೇಟಿನ ಕಂತು ಇನ್ನೂ ಉದ್ದ. ಈ ಕಡೆಯವರ ದೊಡ್ಡ ಹಬ್ಬವಾದ ರೋಸ್ ಬೌಲಿಗೆ ಅವರು 1931ರಲ್ಲಿ ಹೋಗಿದ್ದರು. ಮತ್ತೆ ಹೋದದ್ದು 1998ರಲ್ಲಿ, 67 ವರ್ಷಗಳ ಮೇಲೆ. ಹೋಗಿ ಮಿಷಿಗನ್ ಎದುರು 21–16ರಿಂದ ಸೋತರು. ನಮ್ಮ ಹಿರಿಯರು ಆ ಪಂದ್ಯಕ್ಕೆ ತಮ್ಮ ತಂದೆಯನ್ನು ಕರೆದುಕೊಂಡು ಹೋಗಿದ್ದರಂತೆ. ಸೋತದ್ದರ ಬಗ್ಗೆ ಒಂದು ಮಾತೂ ಇಲ್ಲ, ತಂದೆ ಕೂತಿದ್ದ ಸಾಲು ಯಾವುದು, ಬಿಸಿಲು ಎಷ್ಟಿತ್ತು ಎಂಬುದೇ ಕಥೆ.

ಪಟ್ಟಿ ಗೌರವ ಉಳಿಸಿಕೊಳ್ಳುವುದು ಮೇಲಿನ ಹೆಸರುಗಳಿಂದ ಎಂದು ಟಿವಿಯವರು ತಿಳಿದಿರುತ್ತಾರೆ. ಯಾರ ಪಂದ್ಯವನ್ನು ಹೆಚ್ಚು ಮನೆಗಳು ನೋಡುತ್ತವೆ ಎಂಬ ಲೆಕ್ಕಕ್ಕೆ ಅದು ಸರಿಯೇ. ಆದರೆ 8–1 ಎಂಬ ಸಂಖ್ಯೆಗೆ ಬೆಲೆ ಬರುವುದು, ಪ್ರತಿ ವರ್ಷ ತಪ್ಪದೆ ಬಂದು, ಸೋತು, ಬರುವ ವರ್ಷವೂ ಬರುತ್ತೇವೆ ಎನ್ನುವವರು ಕೆಳಗಿರುವುದರಿಂದ. ಅವರು ಬರುವುದು ತಮಗೂ ಒಂದು ದಿನ ಪಾಳಿ ಇದೆ ಎಂಬ ನಂಬಿಕೆಯಿಂದ. ಸ್ಟ್ಯಾಂಡಿಂಗ್ಸ್ ಪಟ್ಟಿಯನ್ನು ಹಿಡಿದು ನಿಲ್ಲಿಸಿರುವುದು ಆ ನಂಬಿಕೆ. 2023ರಲ್ಲಿ ಮುರಿದುಬಿದ್ದದ್ದೂ ಅದೇ.

ಮುಂದಿನ ವರ್ಷ, 2024ರಲ್ಲಿ, ಪ್ಯಾಕ್-12 ಪಟ್ಟಿಯಲ್ಲಿ ಎರಡೇ ಹೆಸರು. ಇಬ್ಬರೂ ಪಂದ್ಯಗಳನ್ನು ಬೇರೆ ಕಾನ್ಫರೆನ್ಸಿನವರಿಂದ ಜೋಡಿಸಿಕೊಂಡು ಸೀಸನ್ ಕಳೆದರು. ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ಸ್ಟೇಟ್ ಸಿಯಾಟಲಿಗೆ ಹೋಗಿ, 1900ರಿಂದ ಕಾದಾಡುತ್ತ ಬಂದ ಅಣ್ಣ ವಾಷಿಂಗ್ಟನ್ನನ್ನು 24–19ರಿಂದ ಸೋಲಿಸಿತು. ಊರೆಲ್ಲ ಕುಣಿಯಿತು. ಆದರೆ ಆ ಗೆಲುವು ಒಟ್ಟು ಲೆಕ್ಕದ ಅಂಕಣಕ್ಕೆ ಹೋಯಿತೇ ಹೊರತು ಮೊದಲ ಅಂಕಣಕ್ಕೆ ಬರಲಿಲ್ಲ. ಓಣಿ ಬೇರೆಯಾದ ಮೇಲೆ ಅಣ್ಣನೂ ಹೊರಗಿನವನೇ. ನವೆಂಬರ್ 23ರಂದು ಕೊರ್ವಾಲಿಸಿನಲ್ಲಿ ಉಳಿದಿಬ್ಬರು ಎದುರಾದರು. ಆರೆಗನ್ ಸ್ಟೇಟ್ 41–38ರಿಂದ ಗೆದ್ದಿತು. ಸೋಮವಾರ ಬಾಗಿಲ ಮೇಲೆ ಹೊಸ ಕಾಗದ ಬಂತು.

ಆರೆಗನ್ ಸ್ಟೇಟ್ 1–0.
ವಾಷಿಂಗ್ಟನ್ ಸ್ಟೇಟ್ 0–1.

"ಎರಡನೇ ಸ್ಥಾನ" ಎಂದರು ನಮ್ಮ ಹಿರಿಯರು, ಆಯಸ್ಕಾಂತ ಒತ್ತುತ್ತ. "ಇಷ್ಟು ಮೇಲೆ ಬಂದು ಎಷ್ಟೋ ವರ್ಷವಾಗಿತ್ತು."

ಎಲ್ಲರೂ ನಕ್ಕೆವು. ಒಟ್ಟು ಲೆಕ್ಕ ನೋಡಿದರೆ ಸೀಸನ್ ಮುಗಿದಾಗ ಮೇಲಿದ್ದವರು 5–7, ಕೆಳಗಿದ್ದವರು 8–4. ಆ ಎರಡು ಸಾಲಿಗೆ ಯಾವ ಅರ್ಥವೂ ಉಳಿದಿರಲಿಲ್ಲ. ಆದರೂ ಗೆಲುವು ಒಂದು, ಸೋಲು ಒಂದು, ಲೆಕ್ಕ ಸರಿಹೋಗಿತ್ತು. 2025ರಲ್ಲಿ ಇಬ್ಬರೂ ಎರಡು ಸಲ ಆಡಿ, ತಮ್ಮ ತಮ್ಮ ಊರಿನಲ್ಲಿ ಒಂದೊಂದು ಗೆದ್ದರು. ಅಣ್ಣತಮ್ಮಂದಿರೆಲ್ಲ ಪಾಲು ತೆಗೆದುಕೊಂಡು ಹೋದ ಮೇಲೆ ಹಳೇ ಮನೆಯಲ್ಲಿ ಉಳಿದ ಇಬ್ಬರು ಮುದುಕರು ಚೌಕಾಬಾರ ಆಡಿದ ಹಾಗೆ.

ಹೊರಟುಹೋದವರಿಗೆ ಒಳ್ಳೆಯ ಪಟ್ಟಿ ಸಿಕ್ಕಿತೇ ಎಂದು ಕುತೂಹಲಕ್ಕೆ ನೋಡುತ್ತಿದ್ದೆ. ಬಿಗ್ ಟೆನ್‌ನಲ್ಲಿ ಈಗ 18 ತಂಡಗಳು, ಬಿಗ್ 12ರಲ್ಲಿ 16. ಹೆಸರಿಗೂ ಎಣಿಕೆಗೂ ಸಂಬಂಧ ತಪ್ಪಿದೆ. ಹದಿನೆಂಟು ಮಂದಿಯಲ್ಲಿ ಒಬ್ಬೊಬ್ಬರು ಆಡುವುದು ಒಂಬತ್ತು ಜನರ ಜೊತೆ ಮಾತ್ರ. ಉಳಿದ ಎಂಟು ಜನರ ಮುಖವನ್ನು ಆ ವರ್ಷ ನೋಡುವುದೇ ಇಲ್ಲ. 2024ರಲ್ಲಿ ಹೊಸದಾಗಿ ಬಂದ ಆರೆಗನ್ 9–0 ಮಾಡಿ ಮೇಲೇರಿತು. ಅದರ ಕೆಳಗೆ ಪೆನ್ ಸ್ಟೇಟ್ ಮತ್ತು ಇಂಡಿಯಾನಾ, ಇಬ್ಬರೂ 8–1. ಈ ಮೂವರಲ್ಲಿ ಯಾರೂ ಯಾರ ಜೊತೆಗೂ ಲೀಗಿನಲ್ಲಿ ಆಡಿರಲಿಲ್ಲ. ಎರಡನೆಯವರು ಯಾರೆಂದು ತೀರ್ಮಾನಿಸಲು ನಿಯಮಪುಸ್ತಕ ತೆಗೆಯಬೇಕಾಯಿತು. ಫೈನಲ್ ಪೆನ್ ಸ್ಟೇಟಿಗೆ ಸಿಕ್ಕಿತು. ನಾಲ್ಕನೆಯದಾಗಿದ್ದ ಓಹಾಯೊ ಸ್ಟೇಟ್ 7–2. ಅದು ಪೆನ್ ಸ್ಟೇಟನ್ನೂ ಸೋಲಿಸಿತ್ತು, ಇಂಡಿಯಾನಾವನ್ನೂ ಸೋಲಿಸಿತ್ತು. ಆದರೂ ಇಬ್ಬರ ಕೆಳಗೆ ಕೂತಿತ್ತು. ಆಮೇಲೆ ರಾಷ್ಟ್ರೀಯ ಪ್ಲೇಆಫಿನಲ್ಲಿ ಅದೇ ಓಹಾಯೊ ಸ್ಟೇಟ್, ಪಟ್ಟಿಯಲ್ಲಿ ಮೊದಲಿದ್ದ ಆರೆಗನ್ನನ್ನು 41–21ರಿಂದ ಬಗ್ಗಿಸಿ, 2025ರ ಜನವರಿ 20ರಂದು ಇಡೀ ದೇಶದ ಪಟ್ಟ ಗೆದ್ದಿತು.

ನಾಲ್ಕನೆಯವರು ಚಾಂಪಿಯನ್ ಆದದ್ದು ನನಗೆ ತಮಾಷೆಯಾಗಿಯೇ ಕಂಡಿತು. ಆಟದಲ್ಲಿ ಅಂಥದ್ದಿರಬೇಕು. ಚಿಂತೆಗೆ ಹಚ್ಚಿದ್ದು ಇನ್ನೊಂದು. ಒಬ್ಬರನ್ನೊಬ್ಬರು ಎದುರಿಸದೇ ಇರುವವರನ್ನು ಮೇಲೆ ಕೆಳಗೆ ಜೋಡಿಸಿಟ್ಟರೆ ಅದು ಪಟ್ಟಿಯ ಹಾಗೆ ಕಾಣುತ್ತದೆ, ಪಟ್ಟಿಯ ಅಧಿಕಾರವನ್ನೂ ಚಲಾಯಿಸುತ್ತದೆ. ನಮ್ಮ ಕಾಲೇಜುಗಳ ರ‍್ಯಾಂಕ್ ಪಟ್ಟಿಗಳೂ ಬಹುಮಟ್ಟಿಗೆ ಇಂಥವೇ. ಬೇರೆ ಬೇರೆ ಮಣ್ಣಿನಲ್ಲಿ ಬೆಳೆದ ಎರಡು ತಾಕಿನ ಇಳುವರಿಯನ್ನು ಪಕ್ಕಪಕ್ಕ ಇಟ್ಟು ಇದು ಮೇಲು ಎಂದರೆ ನಮ್ಮ ವಿಭಾಗದಲ್ಲಿ ಯಾರೂ ಒಪ್ಪುವುದಿಲ್ಲ. ಒಂದೇ ಹೊಲದಲ್ಲಿ ಬಿತ್ತಿ ತೋರಿಸು ಎನ್ನುತ್ತಾರೆ. ಹಳೆಯ ಹತ್ತು ಹೆಸರಿನ ಪಟ್ಟಿ ಹಾಗೆ ಒಂದೇ ಹೊಲದಲ್ಲಿ ಬಿತ್ತಿ ನೋಡಿದ್ದಾಗಿತ್ತು.

ಉಳಿದ ಇಬ್ಬರು ಸುಮ್ಮನೆ ಕೂರಲಿಲ್ಲ. ಕಾನ್ಫರೆನ್ಸಿನ ಹೆಸರು, ಆಸ್ತಿ, ಆಡಳಿತ ಯಾರ ಕೈಯಲ್ಲಿರಬೇಕೆಂದು ಪುಲ್ಮನ್ ಸೇರುವ ವಿಟ್ಮನ್ ಜಿಲ್ಲೆಯ ನ್ಯಾಯಾಲಯಕ್ಕೆ ಹೋಗಿ 2023ರ ನವೆಂಬರಿನಲ್ಲೇ ತಮ್ಮ ಪರ ಆದೇಶ ಪಡೆದಿದ್ದರು. ಆಮೇಲೆ ಹೊಸ ನೆರೆಯವರನ್ನು ಕರೆಯುತ್ತ ಹೋದರು. 2026ರ ಜುಲೈಯಿಂದ ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್ ಸೇರಿ ಫುಟ್ಬಾಲಿಗೆ ಎಂಟು ಹೆಸರು. ಎಂಟಕ್ಕೆ ಎಂಟೂ ಹೆಸರಿನ ಕೊನೆಗೆ 'ಸ್ಟೇಟ್' ಇರುವವರು. ಆ ಆರರಲ್ಲಿ ಐವರು ಬರುತ್ತಿರುವುದು ಮೌಂಟನ್ ವೆಸ್ಟ್ ಎಂಬ ಇನ್ನೊಂದು ಕಾನ್ಫರೆನ್ಸನ್ನು ಬಿಟ್ಟು. ಅಲ್ಲಿ ಉಳಿದುಕೊಂಡವರ ಊರಿನಲ್ಲೂ ಯಾರದೋ ಬಾಗಿಲ ಮೇಲೆ ಒಂದು ಪಟ್ಟಿ ಸಣ್ಣದಾಗಿರುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಇವ್ರೂ ಮತ್ತೊಬ್ರ ಭಿಶಿ ಒಡದಾರ ಅನ್ನು" ಎಂದರು.

ಎಂಟು ತಂಡ ಎಂದರೆ ಎಲ್ಲರೂ ಎಲ್ಲರ ಜೊತೆ ಆಡುವುದು ಮತ್ತೆ ಸಾಧ್ಯ. ಹೊಸ ಪಟ್ಟಿಯ ತುದಿಯಲ್ಲಿ ಯಾರಿರುತ್ತಾರೆ ಎಂಬುದಕ್ಕಿಂತ ಅದರ ಕೊನೆಯ ಸಾಲಿನ ಬಗ್ಗೆ ನನಗೆ ಹೆಚ್ಚು ಕುತೂಹಲ. ಅಲ್ಲಿ ಯಾರು ಬಂದು ಕೂರುತ್ತಾರೋ, ಅವರು ಎರಡನೇ ವರ್ಷವೂ, ಹತ್ತನೇ ವರ್ಷವೂ ಕಂತು ಕಟ್ಟಲು ಬರುತ್ತಾರೋ, ಅವರ ಪಾಳಿ ಬರುವತನಕ ಮೇಲಿನವರು ಕಾಯುತ್ತಾರೋ ನೋಡಬೇಕು.